ಮಲಗಿದ ಕೂಸನ್ನು ಎಬ್ಬಿಸಬೇಕೇ?

ಹಸುಗೂಸು ಸುಖವಾಗಿ ನಿದ್ರಿಸುತ್ತಿರುವಾಗ ಹಾಲೂಡಿಸುವ ಸಲುವಾಗಿ ಅದನ್ನು ಎಬ್ಬಿಸಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮಂತಹ ಶಾಸ್ತ್ರಾಭ್ಯಾಸಿಗಳ ಬಳಿಗೆ ಬರತಕ್ಕದ್ದಲ್ಲ. ಅದು ತಾಯಂದಿರ, ಸೂಲಗಿತ್ತಿಯರ, ವೈದ್ಯರ ಕ್ಷೇತ್ರ. ಆದರೂ ಎಮ್ಮಿಗನೂರಿನ ನಮ್ಮ ಮನೆಯ ಪಡಸಾಲೆಗೆ ಬಂದು ಕೂಡುವ ಶರಣ ಬಂಧುಗಳು ಮದುವೆ, ಗೃಹಪ್ರವೇಶ, ನಾಮಕರಣಗಳ ಮಾತು ಮುಗಿಸಿ, ಎದ್ದು ಹೊರಡುವ ಹೊತ್ತಿನಲ್ಲಿ ಹೊಸ್ತಿಲ ಬಳಿ ನಿಂತು ತುಸು ಸಂಕೋಚದಿಂದ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಎಬ್ಬಿಸಬಾರದೆಂದು ಮನೆಯ ಹಿರಿಯರು, ಎಬ್ಬಿಸಲೇಬೇಕೆಂದು ಆಸ್ಪತ್ರೆಯವರು. ಶಾಸ್ತ್ರವೇನು ಹೇಳುತ್ತದೆ ಎಂದು ಅವರು ಕೇಳುತ್ತಾರೆ. ಕೇಳುವವರ ಮುಖ ನೋಡಿದರೆ, ಶಾಸ್ತ್ರವು ಹಿರಿಯರ ಪಕ್ಷವನ್ನೇ ವಹಿಸಲಿ ಎಂಬ ಆಸೆ ಸ್ಪಷ್ಟವಾಗಿ ಕಾಣುತ್ತದೆ. ಈ ವಿಷಯದಲ್ಲಿ ನಾವು ಓದಿದ್ದನ್ನೂ ಕಂಡದ್ದನ್ನೂ ಇಲ್ಲಿ ನಿವೇದಿಸುತ್ತೇವೆ.

ಹಿರಿಯ ಹೆಣ್ಣುಮಕ್ಕಳ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾವಿಲ್ಲ. ಆ ಮಾತಿನ ಹಿಂದೆ ಅನುಭವವಿದೆ. ತುಂಬು ತಿಂಗಳಿಗೆ ಹುಟ್ಟಿದ, ಮೈಕೈ ತುಂಬಿಕೊಂಡ ಕೂಸು ಹಸಿವಾದರೆ ತಾನೇ ಎದ್ದು ಮನೆಯನ್ನೆಲ್ಲ ಎಬ್ಬಿಸುತ್ತದೆ ಎಂಬುದನ್ನು ಅವರು ಹತ್ತಾರು ಬಾಣಂತನಗಳಲ್ಲಿ ಕಂಡಿದ್ದಾರೆ. ಇನ್ನೊಂದು ಮಾತೂ ಉಂಟು. ನಮ್ಮದು ಭತ್ತದ ಸೀಮೆ. ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಗಳಿಗೆ ವರ್ಷದಲ್ಲಿ ಕಣ್ತುಂಬ ನಿದ್ರೆ ಎಂಬುದು ದೊರೆಯುತ್ತಿದ್ದುದು ಬಾಣಂತಿಯ ಕೋಣೆಯಲ್ಲಿ ಮಾತ್ರ. ಕೂಸಿನ ನಿದ್ರೆಯನ್ನು ಕಾಯುವುದೆಂದರೆ ತಾಯಿಯ ನಿದ್ರೆಯನ್ನು ಕಾಯುವುದೇ ಆಗಿತ್ತು. ಅದರ ಮೇಲೆ ಶೆಟಿಗೆವ್ವನ ನಂಬಿಕೆ ಬೇರೆ. ಕೂಸು ನಿದ್ರೆಯಲ್ಲಿ ನಕ್ಕರೆ ಅವಳು ನಗಿಸಿದಳು, ತುಟಿ ಸೊಟ್ಟ ಮಾಡಿದರೆ ಅವಳು ಅಳಿಸಿದಳು. ಆ ಆಟದ ನಡುವೆ ಮನುಷ್ಯರು ಕೈ ಹಾಕಬಾರದು. ಇಷ್ಟಲಿಂಗವನ್ನುಳಿದು ಅನ್ಯವನ್ನು ಒಪ್ಪದ ಶರಣಧರ್ಮದಲ್ಲಿ ಶೆಟಿಗೆವ್ವನಿಗೆ ಸ್ಥಾನವಿಲ್ಲವೆಂದು ನಾವು ಉಪನ್ಯಾಸಗಳಲ್ಲಿ ಹೇಳುತ್ತ ಬಂದಿದ್ದೇವೆ. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಅದೇ ಮಾತನ್ನು ಹೇಳುವ ಧೈರ್ಯ ಮಾತ್ರ ನಮಗೆ ಇನ್ನೂ ಬಂದಿಲ್ಲ.

ಆದರೆ ಹಿರಿಯರ ಆ ಮಾತು ಎಲ್ಲ ಕೂಸುಗಳಿಗೂ, ಎಲ್ಲ ದಿನಗಳಿಗೂ ಸಲ್ಲುವುದಿಲ್ಲ. ನಮ್ಮ ತಾಯಿ ಎಂಟು ಹೆತ್ತವರು. ಉಳಿದವರು ನಾವು ಐವರು. ನಮಗಿಂತ ಮೊದಲು, ತುಂಗಭದ್ರೆಯ ಕಾಲುವೆಯ ನೀರು ಈ ಸೀಮೆಗೆ ಹೊಸದಾಗಿ ಬಂದಿದ್ದ ವರ್ಷಗಳಲ್ಲಿ, ಅವರಿಗೆ ಒಂದು ಗಂಡುಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತಂತೆ. ಆ ಕೂಸಿನ ಮಾತು ಬಂದಾಗಲೆಲ್ಲ ತಾಯಿ ಹೇಳುತ್ತಿದ್ದುದು ಒಂದೇ: ಅಷ್ಟು ಶಾಂತವಾದ ಕೂಸನ್ನು ತಾವು ಕಾಣಲಿಲ್ಲ, ಅತ್ತು ಯಾರನ್ನೂ ಕಾಡಲಿಲ್ಲ, ಮಲಗಿದ್ದು ಮಲಗಿದಂತೆಯೇ ಇರುತ್ತಿತ್ತು. ಆರನೆಯ ದಿನ ಬೆಳಗಿನ ಜಾವ ನೋಡಿದಾಗ ಅದು ತಣ್ಣಗಾಗಿತ್ತು. ಬಂಡಿ ಹೂಡಿ ಕಂಪ್ಲಿಗೆ ಹೋಗುವ ಮಾತೇ ಉಳಿದಿರಲಿಲ್ಲ. ಆ ಕೂಸು ಏತರಿಂದ ಹೋಯಿತೆಂದು ಬಲ್ಲವರು ಆಗಲೂ ಇರಲಿಲ್ಲ, ಈಗ ಹೇಳುವುದಂತೂ ಸಾಧ್ಯವೇ ಇಲ್ಲ. ಆದರೆ ತಾಯಿ ತಮ್ಮ ಕೊನೆಗಾಲದವರೆಗೂ ‘ಶಾಂತ’ ಎಂಬ ಶಬ್ದವನ್ನು ಹೊಗಳಿಕೆಯಾಗಿಯೇ ಬಳಸುತ್ತಿದ್ದರು. ವೈದ್ಯರ ಬಾಯಿಂದ ಎಳೆಗೂಸುಗಳ ವಿಚಾರ ಕೇಳಿ ತಿಳಿದ ಮೇಲೆ ಆ ಶಬ್ದ ಕಿವಿಗೆ ಬಿದ್ದಾಗಲೆಲ್ಲ ನಮ್ಮ ಎದೆ ನಡುಗುತ್ತಿತ್ತು.

ವೈದ್ಯರು ಹೇಳುವುದು ಹೀಗಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸು ಒಂದು ಸಲಕ್ಕೆ ಒಂದೆರಡು ಚಮಚೆಯಷ್ಟು ಹಾಲನ್ನು ಮಾತ್ರ ಕುಡಿಯಬಲ್ಲದು. ತಾಯಿಯ ಹಾಲು ಬೇಗನೆ ಜೀರ್ಣವಾಗುವಂಥದು. ಆದುದರಿಂದ ಹಗಲು ರಾತ್ರಿ ಸೇರಿ 24 ಗಂಟೆಗಳಲ್ಲಿ 8ರಿಂದ 12 ಸಲ ಹಾಲೂಡಿಸಬೇಕಾಗುತ್ತದೆ. ಎಲ್ಲ ಕೂಸುಗಳೂ ಮೊದಲ ಕೆಲವು ದಿನ ತೂಕ ಕಳೆದುಕೊಳ್ಳುತ್ತವೆ. ಹುಟ್ಟುತೂಕದ ಹತ್ತರಲ್ಲೊಂದು ಪಾಲು ಇಳಿದರೆ ಅದು ಎಚ್ಚರಿಕೆಯ ಗಂಟೆ. ಕಳೆದುಕೊಂಡ ತೂಕ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಮರಳಬೇಕು. ಬಲವಾದ ಕೂಸು ಈ ಲೆಕ್ಕವನ್ನು ತಾನೇ ಅತ್ತು ಸರಿಪಡಿಸಿಕೊಳ್ಳುತ್ತದೆ. ಕಷ್ಟವಿರುವುದು ಅಳಲಾರದ ಕೂಸಿನದು.

ಎರಡನೆಯ ಮೂರನೆಯ ದಿನಕ್ಕೆ ಅನೇಕ ಕೂಸುಗಳ ಮೈ ಹಳದಿಯಾಗುತ್ತದೆ. ಹಳೆಯ ರಕ್ತಕಣಗಳು ಒಡೆದು ಹುಟ್ಟುವ ಬಿಲಿರುಬಿನ್ ಎಂಬ ಹಳದಿ ದ್ರವ್ಯವನ್ನು ಎಳೆಯ ಯಕೃತ್ತು ಬೇಗ ಹೊರಹಾಕಲಾರದು. ಅದು ಬಹುಪಾಲು ಮಲದ ಮೂಲಕ ಹೋಗಬೇಕು. ಹಾಲು ಕಡಿಮೆಯಾದರೆ ಮಲ ಕಡಿಮೆ; ಮಲ ಕಡಿಮೆಯಾದರೆ ಹಳದಿ ಕರುಳಿನಿಂದ ಮರಳಿ ರಕ್ತಕ್ಕೆ ಸೇರುತ್ತದೆ; ಹಳದಿ ಏರಿದಷ್ಟೂ ಕೂಸಿಗೆ ಮಂಪರು; ಮಂಪರಿನಲ್ಲಿ ಅದು ಹಾಲು ಕೇಳುವುದಿಲ್ಲ. ಗಾಣದೆತ್ತಿನಂತೆ ಸುತ್ತುವ ಈ ಚಕ್ರವನ್ನು ಹೊರಗಿನವರು ಯಾರಾದರೂ ಕೈಹಾಕಿ ನಿಲ್ಲಿಸಬೇಕೇ ಹೊರತು ಕೂಸು ತಾನಾಗಿ ನಿಲ್ಲಿಸಲಾರದು. ತಿಂಗಳು ತುಂಬದೆ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಇದರ ಜೊತೆಗೆ ಇನ್ನೊಂದು ಅಪಾಯ: ಅವುಗಳ ಮೈಯಲ್ಲಿ ಸಕ್ಕರೆಯ, ಕೊಬ್ಬಿನ ಕೂಡಿಟ್ಟ ಗಂಟು ಇರುವುದಿಲ್ಲ. ಒಂದೆರಡು ಹೊತ್ತು ಹಾಲು ತಪ್ಪಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಕೂಸು ಮತ್ತಷ್ಟು ಮಲಗುತ್ತದೆ. ನೋಡುವವರ ಕಣ್ಣಿಗೆ ಹೊಟ್ಟೆ ತುಂಬಿದ ನಿದ್ರೆಯೂ ಹೊಟ್ಟೆ ಬರಿದಾದ ನಿದ್ರೆಯೂ ಒಂದೇ ತರ.

ಇನ್ನು ಶಾಸ್ತ್ರದ ಮಾತು. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಗರ್ಭಿಣಿ, ಬಾಣಂತಿ, ಶಿಶುಗಳ ಉಪಚಾರಕ್ಕೆ ಮೀಸಲಾದುದು. ಮಗುವನ್ನು ಅದರ ಅಂಗಾಂಗಗಳಿಗೆ ಸುಖವಾಗುವಂತೆ ಎತ್ತಿಕೊಳ್ಳಬೇಕು, ಗದರಿಸಬಾರದು ಎಂದು ಹೇಳಿ, ನಿದ್ರಿಸುವ ಮಗುವನ್ನು ಎಬ್ಬಿಸುವ ಮಾತಿಗೆ ಸುಶ್ರುತನು ಬರುತ್ತಾನೆ. ‘ಎಬ್ಬಿಸಬಾರದೆಂದು ಶಾಸ್ತ್ರವೇ ಹೇಳಿದೆ’ ಎಂದು ವಾದಿಸುವವರು ಸಾಮಾನ್ಯವಾಗಿ ಅಲ್ಲಿಗೇ ಗ್ರಂಥವನ್ನು ಮಡಿಚುತ್ತಾರೆ. ಆದರೆ ಅಲ್ಲಿರುವ ಒಂದು ಶಬ್ದ ಬಲು ಮುಖ್ಯ: ‘ಸಹಸಾ’. ಎಂದರೆ ಥಟ್ಟನೆ, ಅಕಸ್ಮಾತ್ತಾಗಿ. ಮಗು ಬೆದರೀತೆಂಬ ಕಾರಣವನ್ನೂ ಅವನೇ ಕೊಡುತ್ತಾನೆ. ನಿಷೇಧವಿರುವುದು ಎಬ್ಬಿಸುವುದಕ್ಕಲ್ಲ, ಬೆದರಿಸಿ ಎಬ್ಬಿಸುವುದಕ್ಕೆ. ‘ಓಡುತ್ತ ಉಣ್ಣಬೇಡ’ ಎಂದವರು ಉಪವಾಸವಿರಲು ಹೇಳಿದರೆಂದು ಯಾರಾದರೂ ಅರ್ಥ ಮಾಡಿಯಾರೇ? ವ್ಯಾಕರಣ ಬಲ್ಲ ಯಾವ ವಟುವೂ ಈ ವಾಕ್ಯದಿಂದ ಹಿರಿಯರ ಆ ನಿಯಮವನ್ನು ಹೊರಡಿಸಲಾರನು.

ಹಾಗೆಂದು ಆ ಅಧ್ಯಾಯವನ್ನು ಇಡಿಯಾಗಿ ತಲೆಯ ಮೇಲೆ ಹೊತ್ತುಕೊಳ್ಳಿರೆಂದೂ ನಾವು ಹೇಳುವುದಿಲ್ಲ. ತಾಯಿಗೆ ಹಾಲು ಇಳಿಯುವುದು ಮೂರು ನಾಲ್ಕು ರಾತ್ರಿಗಳ ಬಳಿಕ ಎಂದು ಗಮನಿಸಿದ್ದು ಸುಶ್ರುತನ ಸೂಕ್ಷ್ಮದೃಷ್ಟಿ. ಧಾರಾಳವಾದ ಹಾಲು ಬರುವುದು ಆಗಲೇ. ಆದರೆ ಅಲ್ಲಿಯವರೆಗೆ ಜೇನು ತುಪ್ಪಗಳನ್ನು ನೆಕ್ಕಿಸುವ ವಿಧಿ ಇಂದು ಸಲ್ಲದು. ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲದಾದ್ದರಿಂದ ವರ್ಷ ತುಂಬುವವರೆಗೆ ಜೇನು ಕೂಡದೆಂಬುದು ಈಗ ಸಿದ್ಧವಾದ ಮಾತು. ಮೊದಲ ದಿನಗಳ ಹಳದಿಯ ಗಟ್ಟಿ ಹಾಲು ಹನಿಗಳಷ್ಟೇ ಇದ್ದರೂ ಅದೇ ಕೂಸಿಗೆ ರಕ್ಷೆ. ಕರುಳಿನ ಕಪ್ಪು ಮಲವನ್ನು ಬೇಗ ಹೊರದೂಡುವುದೂ ಅದೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ.

‘ಸಹಸಾ’ ಎಂಬ ಶಬ್ದದ ಅರ್ಥ ನಮಗೆ ಮನದಟ್ಟಾದುದು ಕೋಶದಿಂದಲ್ಲ. ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ಬೆಳಗಿನ ನಾಲ್ಕಕ್ಕೆ ಮೊದಲೇ ಏಳಬೇಕಿತ್ತು. ಎಬ್ಬಿಸುವ ಪಾಳಿಯವರಲ್ಲಿ ಒಬ್ಬರು ಬಾಗಿಲ ಹಲಗೆಯನ್ನು ಬಡಿದು ಎಬ್ಬಿಸುತ್ತಿದ್ದರು. ಆ ದಿನ ಪೂಜೆಗೆ ಕುಳಿತರೂ ಎದೆಬಡಿತ ನಿಲ್ಲುತ್ತಿರಲಿಲ್ಲ. ವಯಸ್ಸಾದ ಇನ್ನೊಬ್ಬರು ಒಳಗೆ ಬಂದು ದೀಪದ ಕುಡಿಯನ್ನು ತುಸು ಎತ್ತರಿಸಿ, ತಮ್ಮಷ್ಟಕ್ಕೆ ತಾವು ಮೆಲ್ಲಗೆ ಮಂತ್ರ ಹೇಳಿಕೊಳ್ಳುತ್ತ, ಒಬ್ಬೊಬ್ಬರ ಹೊದಿಕೆಯನ್ನು ಪಾದದ ಕಡೆಯಿಂದ ಸರಿಸುತ್ತ ಹೋಗುತ್ತಿದ್ದರು. ಅವರು ಕೋಣೆಯ ಕೊನೆ ಮುಟ್ಟುವುದರೊಳಗೆ ನಾವೆಲ್ಲ ಎದ್ದು ಕುಳಿತಿರುತ್ತಿದ್ದೆವು. ಅವರು ಮುಟ್ಟಿ ಎಬ್ಬಿಸಿದ್ದು ಒಬ್ಬರನ್ನೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಳ್ಳಾರಿಯ ಆಸ್ಪತ್ರೆಯಲ್ಲಿ, 36 ವಾರಗಳಿಗೇ, ಹೆಣ್ಣುಕೂಸು ಹುಟ್ಟಿತು. ತೂಕ 2 ಕಿಲೋ 200 ಗ್ರಾಂ. ಮೂರನೆಯ ದಿನ ಮನೆಗೆ ಕಳಿಸುವಾಗ 2 ಕಿಲೋ 50 ಗ್ರಾಂಗೆ ಇಳಿದಿತ್ತು. ಎರಡು ಗಂಟೆಗೊಮ್ಮೆ, ರಾತ್ರಿ ಎಷ್ಟು ತಡವಾದರೂ ಮೂರು ಗಂಟೆ ಮೀರದಂತೆ ಎಬ್ಬಿಸಿ ಹಾಲೂಡಿಸಿರಿ ಎಂದು ದಾದಿಯು ಬಿಗಿಯಾಗಿ ಹೇಳಿ ಕಳಿಸಿದ್ದರು. ಮನೆಗೆ ಬಂದ ಮೊದಲ ರಾತ್ರಿಯೇ ವ್ಯಾಜ್ಯ. ಮಗಳು ಮೊಬೈಲಿನಲ್ಲಿ ಅಲಾರಂ ಇಟ್ಟಳು. ನಮ್ಮ ಮನೆಯಾಕೆ ಅದನ್ನು ದಿಂಬಿನ ಕೆಳಗೆ ಅಡಗಿಸಿದರು. ನಡುರಾತ್ರಿಯಲ್ಲಿ ತಾಯಿ ಮಗಳು ಇಬ್ಬರೂ ಕಣ್ಣೀರಿನಲ್ಲಿದ್ದಾಗ ನಮ್ಮನ್ನು ಕರೆದರು. ನಾವು ಸುಶ್ರುತನನ್ನು ಹೇಳಿದೆವು. ಮನೆಯಾಕೆಗೆ ಅದು ಹಿಡಿಸಲಿಲ್ಲ. ಆಮೇಲೆ ನಮ್ಮ ತಾಯಿಯ ಆ ‘ಶಾಂತ’ ಕೂಸಿನ ಮಾತನ್ನು ನೆನಪಿಸಿದೆವು. ಅವರು ಏನೂ ಅನ್ನದೆ ಎದ್ದುಹೋಗಿ ಕೂಸಿನ ಹೊದಿಕೆ ಬಿಚ್ಚಿದರು.

ಇಲ್ಲಿ ಸಮಾಜದ ಗಂಡಸರಿಗೆ ಒಂದು ಮಾತು ಹೇಳುವುದಿದೆ. ಜನನಸೂತಕವೂ ಸೇರಿ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ ಎಂಬುದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಾದರೆ ಬಾಣಂತಿಯ ಕೋಣೆಗೆ ಗಂಡಸರು ಕಾಲಿಡದಿರುವುದಕ್ಕೆ ನಮ್ಮ ಮನೆಗಳಲ್ಲಿ ಆಧಾರವೇನಿದೆ? ಮೂರು ಗಂಟೆಗೊಮ್ಮೆ ಎಬ್ಬಿಸಿರೆಂದು ವೈದ್ಯರು ಹೇಳಿದಾಗ ಅದರ ಭಾರವೆಲ್ಲ ಹೊಲಿಗೆ ಇನ್ನೂ ಮಾಯದ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಹಾಲೂಡಿಸುವುದು ತಾಯಿಯೊಬ್ಬಳಿಂದಲೇ ಆಗತಕ್ಕದ್ದು, ನಿಜ. ಗಡಿಯಾರ ನೋಡುವುದು, ಬಟ್ಟೆ ಬದಲಿಸುವುದು, ಕೂಸನ್ನು ಎಚ್ಚರಿಸಿ ತಾಯಿಯ ಮಡಿಲಿಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಇವೆಲ್ಲ ಯಾರಾದರೂ ಮಾಡಬಹುದಾದ ಕೆಲಸಗಳು. ನಮಗೆ ಮಠದ ಅಭ್ಯಾಸದಿಂದ ಮೂರೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಆ ಪಾಳಿ ನಮ್ಮದಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ರೂಢಿಯಿದ್ದ ಅಳಿಯಂದಿರು ರಜೆಯ ಮೇಲೆ ಬಂದ ದಿನಗಳಲ್ಲಿ ನಡುರಾತ್ರಿಯದನ್ನು ವಹಿಸಿಕೊಂಡರು.

ಎಬ್ಬಿಸುವ ಬಗೆಯನ್ನು ನಮಗೆ ತೋರಿಸಿಕೊಟ್ಟವರು ಊರಿನ ಆಶಾ ಕಾರ್ಯಕರ್ತೆ. ಕೂಸು ಗಾಢನಿದ್ರೆಯಲ್ಲಿರುವಾಗ ಎಬ್ಬಿಸುವುದು ವ್ಯರ್ಥ. ರೆಪ್ಪೆಯ ಒಳಗೆ ಕಣ್ಣು ಹೊರಳುವಾಗ, ತುಟಿ ಚೀಪುವಂತೆ ಆಡುವಾಗ, ಕೈ ಬಾಯಿಯತ್ತ ಹೋಗುವಾಗ ನಿದ್ರೆ ತೆಳುವಾಗಿರುತ್ತದೆ, ಅದೇ ಸಮಯ. ಹೊದಿಕೆ ಬಿಚ್ಚಬೇಕು, ಒದ್ದೆ ಬಟ್ಟೆ ಬದಲಿಸಬೇಕು, ಬೆನ್ನನ್ನೂ ಅಂಗಾಲನ್ನೂ ಮೆಲ್ಲಗೆ ಸವರಬೇಕು, ತುಟಿಗೆ ಒಂದು ಹನಿ ಹಾಲು ಸೋಕಿಸಬೇಕು. ತಣ್ಣೀರು ಚಿಮುಕಿಸುವುದು, ಅಂಗಾಲಿಗೆ ಬಡಿಯುವುದು ಕೂಡದು. ಕೋಣೆಯಲ್ಲಿ ಶೆಗಡಿಯ ಹೊಗೆ ತುಂಬಿ, ನಾಲ್ಕು ಸುತ್ತು ಬಟ್ಟೆ ಸುತ್ತಿದ ಕೂಸು ಏಳದಿದ್ದರೆ ತಪ್ಪು ಕೂಸಿನದಲ್ಲ. ದೀಪ ಮಂದವಾಗಿರಲಿ. ಇಷ್ಟಾದರೂ ಏಳದಿದ್ದರೆ, ಎದ್ದರೂ ಚೀಪದಿದ್ದರೆ, ಮೈ ತಣ್ಣಗಿದ್ದರೆ ಅಥವಾ ಸುಡುತ್ತಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಹಳದಿ ಅಂಗೈ ಅಂಗಾಲಿಗೆ ಇಳಿದಿದ್ದರೆ, ಇಲ್ಲವೇ ಹುಟ್ಟಿದ ದಿನವೇ ಹಳದಿ ಕಂಡಿದ್ದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಈ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುವ ಏರ್ಪಾಡು 2011ರಿಂದ ದೇಶದಲ್ಲಿದೆ. ಇದರ ಬೇರು ಇರುವುದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಲ್ಲಿಯ ಹಳ್ಳಿಗಳಲ್ಲಿ ವೈದ್ಯ ಅಭಯ ಬಂಗ್ ಮತ್ತು ಸಂಗಡಿಗರು ಅಷ್ಟಿಷ್ಟು ಓದಿದ ಹಳ್ಳಿಯ ಹೆಣ್ಣುಮಕ್ಕಳಿಗೇ ಎಳೆಗೂಸಿನ ಆರೈಕೆ ಕಲಿಸಿ, ಮೂರನೆಯ ವರ್ಷಕ್ಕೆ ಕೂಸುಗಳ ಸಾವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿದ ವೃತ್ತಾಂತ 1999ರಲ್ಲಿ ಪ್ರಕಟವಾಯಿತು. ತೂಗುತಕ್ಕಡಿಯ ಚೀಲ ಹೆಗಲಿಗೇರಿಸಿಕೊಂಡು ಬಿಸಿಲಿನಲ್ಲಿ ಬರುವ ಆಕೆಯನ್ನು ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ ಎಂಬುದು ಖೇದದ ಸಂಗತಿ.

ನದಿಯ ಆಚೆ ದಂಡೆಯ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಒಂದು ಕೆಲಸವನ್ನೂ ಹೇಳಬೇಕು. ತುಂಗಭದ್ರೆ ತುಂಬಿ ಬಂದಾಗ ಕಂಪ್ಲಿಯ ಸೇತುವೆ ಮುಳುಗಿ ನಮಗೂ ಅವರಿಗೂ ಹಾದಿ ಕಡಿಯುತ್ತದೆ. ಒಳ್ಳೆಯ ಸುದ್ದಿ ಹೇಗೋ ದಾಟಿ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದೊಡನೆ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಕಡಿಮೆ ತೂಕದ ಕೂಸುಗಳಿಗೆ ‘ಕಾಂಗರೂ ಆರೈಕೆ’ಯನ್ನು ಆ ಜಿಲ್ಲೆಯಾದ್ಯಂತ ರೂಢಿಗೆ ತರುವ ಯತ್ನ ನಡೆಸಿದರು; ಅದರ ವರದಿ 2021ರಲ್ಲಿ ಬಂದಿತು. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ ಆರಂಭವಾದ ಪದ್ಧತಿ ಅದು. ಕೂಸನ್ನು ಬರಿಮೈಯಲ್ಲಿ ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ, ಮೇಲೆ ಬಟ್ಟೆ ಕಟ್ಟಿ, ದಿನದಲ್ಲಿ ಸಾಧ್ಯವಾದಷ್ಟು ಹೊತ್ತು ಹಾಗೆಯೇ ಇರಿಸುವುದು, ಅಷ್ಟೆ. ತಾಯಿಯ ಮೈಶಾಖದಲ್ಲಿ ಕೂಸು ಬೆಚ್ಚಗಿರುತ್ತದೆ, ಹಾಲಿನ ವಾಸನೆಗೆ ತಾನೇ ತಲೆಯಾಡಿಸುತ್ತ ಎಚ್ಚರಾಗುತ್ತದೆ. ಎಬ್ಬಿಸಬೇಕೋ ಬೇಡವೋ ಎಂಬ ಜಗಳದ ಅರ್ಧಪಾಲು ಅಲ್ಲಿಯೇ ಕರಗುತ್ತದೆ. ತಂದೆಯಾದವನೂ ಹೀಗೆ ಹೊತ್ತುಕೊಳ್ಳಬಹುದು. ನಮ್ಮ ಅಳಿಯಂದಿರು ಮೊದಲು ನಾಚಿದರು. ಅತ್ತೆಯ ಎದುರಿಗೆ ಅಂಗಿ ಬಿಚ್ಚುವುದು ಹೇಗೆಂಬುದು ಅವರ ಚಿಂತೆ. ಒಂದು ಶಾಲು ಆ ಸಮಸ್ಯೆಯನ್ನು ಪರಿಹರಿಸಿತು.

ಐದನೆಯ ರಾತ್ರಿ ನಮ್ಮ ಮನೆಯಾಕೆ ಶೆಟಿಗೆವ್ವನ ಪೂಜೆಯನ್ನು ಬಿಡಲಿಲ್ಲ. ಕೂಸಿನ ಹಣೆಬರಹ ಬರೆಯಲೆಂದು ತೊಟ್ಟಿಲ ಬಳಿ ಒಂದು ಹೊಸ ನೋಟುಪುಸ್ತಕ, ಒಂದು ಲೇಖನಿ ಇಟ್ಟರು. ಮರುದಿನ ಬೆಳಿಗ್ಗೆ ಅದರ ಮೊದಲ ಪುಟದಲ್ಲಿ ಮಗಳು ಗೆರೆ ಎಳೆದು ಬರೆಯತೊಡಗಿದಳು: ಹಾಲು ಕುಡಿದ ಹೊತ್ತು, ಒದ್ದೆಯಾದ ಬಟ್ಟೆ, ಮಲದ ಬಣ್ಣ. ಐದನೆಯ ದಿನದ ನಂತರ ದಿನಕ್ಕೆ ಆರಾದರೂ ಬಟ್ಟೆ ಒದ್ದೆಯಾಗಬೇಕು, ಮಲ ಕಪ್ಪಿನಿಂದ ಹಳದಿಗೆ ತಿರುಗಿರಬೇಕು. ಹಾಲು ಸಾಕಾಗುತ್ತಿದೆಯೆಂಬುದಕ್ಕೆ ಮನೆಯಲ್ಲಿಯೇ ದೊರೆಯುವ ಸಾಕ್ಷಿ ಇದು. ಹಿಂದೆ ಹಿತ್ತಲ ಹಗ್ಗದ ಮೇಲೆ ಒಣಗುವ ಬಟ್ಟೆಗಳನ್ನು ಎಣಿಸಿದರೆ ತಿಳಿಯುತ್ತಿತ್ತು. ಡೈಪರು ಬಂದ ಮೇಲೆ ಆ ಲೆಕ್ಕ ಮುಚ್ಚಿಹೋಗಿದೆ; ಮೊದಲ ಹದಿನೈದು ದಿನವಾದರೂ ಹಳೆಯ ಮೆತ್ತನೆಯ ಪಂಚೆಯ ತುಂಡುಗಳೇ ಲೇಸು.

ಏಳನೆಯ ದಿನ ಹಳದಿ ಎದೆಯಿಂದ ಕೆಳಗಿಳಿದಿರಲಿಲ್ಲ. ಹದಿನಾಲ್ಕನೆಯ ದಿನ ತೂಕ 2 ಕಿಲೋ 300 ಗ್ರಾಂ. ತುಂಬುತಿಂಗಳ ಆರೋಗ್ಯವಂತ ಕೂಸಾಗಿದ್ದರೆ ಹುಟ್ಟುತೂಕ ಮರಳಿದ ಅಂದಿಗೇ ಎಬ್ಬಿಸುವ ಕೆಲಸ ಮುಗಿಯುತ್ತಿತ್ತು. ಆಮೇಲೆ ಅದು ಕೇಳಿದಾಗ ಕೊಟ್ಟರೆ ಸಾಕು, ರಾತ್ರಿ ನಾಲ್ಕೈದು ಗಂಟೆ ಮಲಗಿದರೆ ಮಲಗಲಿ. ಮೂರು ನಾಲ್ಕು ತಿಂಗಳ ಗುಂಡುಕಲ್ಲಿನಂಥ ಮಗುವನ್ನು ರಾತ್ರಿ ಎಬ್ಬಿಸುವವರೂ ಇದ್ದಾರೆ, ಅದಂತೂ ಬೇಕಾಗಿಲ್ಲ. ನಮ್ಮದು ಎಳೆಯ ಕೂಸಾದ್ದರಿಂದ ತಿಂಗಳವರೆಗೆ ಮುಂದುವರಿಸಿರೆಂದು ವೈದ್ಯರು ಹೇಳಿದರು. 28ನೆಯ ದಿನ ತಕ್ಕಡಿ 2 ಕಿಲೋ 700 ಗ್ರಾಂ ತೋರಿಸಿತು. ಇನ್ನು ಎಬ್ಬಿಸಬೇಡಿರೆಂದು ಅಪ್ಪಣೆಯಾಯಿತು.

ಆ ರಾತ್ರಿ ಅಲಾರಂ ಇಡಲಿಲ್ಲ. ಕೂಸು ಹತ್ತಕ್ಕೆ ಕುಡಿದು ಮಲಗಿತು, ಮಗಳೂ ಮಲಗಿದಳು. ಒಂದೂವರೆಯ ಹೊತ್ತಿಗೆ ನಮ್ಮ ಮನೆಯಾಕೆ ಎದ್ದು ಬಂದು ತೊಟ್ಟಿಲ ಬಳಿ ಕುಳಿತರು. ಸ್ವಲ್ಪ ಹೊತ್ತು ನೋಡಿ, ಮೂರು ಗಂಟೆ ದಾಟಿತಲ್ಲ, ಎಬ್ಬಿಸೋಣವೇ ಎಂದು ಕೇಳಿದರು. ಬೇಡವೆಂದೆವು. ಅವರು ಎದ್ದುಹೋಗಲಿಲ್ಲ. ಎರಡೂಕಾಲಕ್ಕೆ ಕೂಸು ತಾನೇ ಎದ್ದು, ಅದುವರೆಗೆ ನಾವು ಕೇಳದಿದ್ದಷ್ಟು ದೊಡ್ಡ ದನಿಯಲ್ಲಿ ಅತ್ತಿತು.